ಬೆಂಕಿ ಇಲ್ಲದ ಒಲೆ ಮತ್ತು ರತ್ನತ್ತೆ

ಹೊಳೆನರಸೀಪುರದ ನಮ್ಮ ಹಳೇ ಮನೆಯಲ್ಲಿ ಅಡುಗೆಮನೆಗೂ ನಡುಮನೆಗೂ ಮಧ್ಯೆ ಒಂದು ಹೊಸಲು ಇತ್ತು. ಮನೆಯಲ್ಲಿ ಬೇರೆ ಹೊಸಲುಗಳೂ ಇದ್ದವು, ಅವನ್ನೆಲ್ಲ ಯಾರು ಬೇಕಾದರೂ ದಾಟಿಕೊಂಡು ಓಡಾಡುತ್ತಿದ್ದರು. ಇದೊಂದನ್ನು ಮಾತ್ರ ನಮ್ಮ ರತ್ನತ್ತೆ ದಾಟುವಂತಿರಲಿಲ್ಲ. ರತ್ನತ್ತೆ ಅಪ್ಪನ ತಂಗಿ. ನಡುಮನೆಯ ಕಂಬಕ್ಕೆ ಒರಗಿ, ಕಾಲು ಚಾಚಿ, ಮುಂದೆ ಮೊರ ಇಟ್ಟುಕೊಂಡು ಅವಳು ಅವರೆಕಾಯಿ ಸುಲಿಯುತ್ತಿದ್ದಳು, ಬೇಳೆ ಹಿದುಕುತ್ತಿದ್ದಳು, ಸೊಪ್ಪು ಬಿಡಿಸುತ್ತಿದ್ದಳು, ಬೆಳ್ಳುಳ್ಳಿ ಸುಲಿದು ಗುಡ್ಡೆ ಹಾಕುತ್ತಿದ್ದಳು. ಬರಿಗೈಯಲ್ಲಿ ಆಗುವ ಕೆಲಸವೆಲ್ಲ ಅವಳದು. ಈಳಿಗೆಮಣೆಯನ್ನೂ ಅಜ್ಜಿ ಅವಳ ಕೈಗೆ ಕೊಡುತ್ತಿರಲಿಲ್ಲ. ಸಿದ್ಧವಾದದ್ದನ್ನೆಲ್ಲ ಅವಳು ಹೊಸಲಿನ ಮೇಲೆ ಇಡುತ್ತಿದ್ದಳು, ಅಮ್ಮ ಒಳಗಿನಿಂದ ಕೈಚಾಚಿ ತೆಗೆದುಕೊಳ್ಳುತ್ತಿದ್ದಳು. ನಾನು ಹುಟ್ಟಿದಾಗಿನಿಂದ ಹಾಗೇ ನಡೆದುಕೊಂಡು ಬಂದಿದ್ದರಿಂದ ಎಲ್ಲರ ಮನೆಯಲ್ಲೂ ಒಬ್ಬ ಅತ್ತೆ ಹೊಸಲಿನ ಈಚೆ ಕೂತಿರುತ್ತಾಳೆ ಅಂದುಕೊಂಡಿದ್ದೆ.

ಅವಳಿಗೆ ಮೂರ್ಛೆ ಬರುತ್ತಿತ್ತು. ವರ್ಷಕ್ಕೆ ಎರಡು ಸಲವೋ ಮೂರು ಸಲವೋ ಅಷ್ಟೆ. ಹಾಸನದ ಡಾಕ್ಟರು ಕೊಟ್ಟ ಮಾತ್ರೆಯನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಆದರೆ ಮೊದಲ ಸಲ ಬಂದದ್ದು ಒಲೆಯ ಮುಂದೆ. ಆಗ ಅವಳಿಗೆ ಹದಿನಾರು. ಕರು ಹಗ್ಗ ಕಿತ್ತುಕೊಂಡಿತೆಂದು ಅಜ್ಜಿ ಕೊಟ್ಟಿಗೆಗೆ ಓಡುವಾಗ, ಮುದ್ದೆಯ ಎಸರು ನೋಡಿಕೋ ಎಂದು ಮಗಳನ್ನು ಸೌದೆ ಒಲೆಯ ಮುಂದೆ ಕೂರಿಸಿ ಹೋಗಿದ್ದಳು. ವಾಪಸು ಬರುವ ಹೊತ್ತಿಗೆ ಮಗಳ ಎಡಗೈ ಕೆಂಡದಲ್ಲಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುರುಟಿಕೊಂಡಿದ್ದ ಆ ಕೈಯನ್ನು ನಾನು ಚಿಕ್ಕವಳಿದ್ದಾಗ ಹಿಡಿದುಕೊಂಡೇ ಮಲಗುತ್ತಿದ್ದೆ, ನನಗೆ ಅದರಲ್ಲಿ ಹೆದರಿಕೆಯೇನೂ ಇರಲಿಲ್ಲ. ಆಮೇಲೆ ಅರಕಲಗೂಡಿನ ಕಡೆ ಮದುವೆ ಮಾಡಿದರು, ವಿಷಯ ಮುಚ್ಚಿಟ್ಟು ಮಾಡಿದರು. ಅಲ್ಲೂ ಒಲೆ ಓರಗಿತ್ತಿಯರ ಕೈಯಲ್ಲಿತ್ತು. ಇವಳು ಒಂದು ಸಲ ಬಿದ್ದಳು, ಅವರು ವರ್ಷ ತುಂಬುವ ಮೊದಲೇ ಕರೆತಂದು ಬಿಟ್ಟುಹೋದರು. ಅಂದಿನಿಂದ ಅಜ್ಜಿಯ ಕಾನೂನು ಜಾರಿಗೆ ಬಂತು. ಬೆಂಕಿಯ ಹತ್ತಿರ ಹೋಗಕೂಡದು, ಬಾವಿಯ ಹತ್ತಿರ ಹೋಗಕೂಡದು, ಹೊಳೆಯ ಮಾತೇ ಬೇಡ. ಸೌದೆ ಒಲೆ ಹೋಗಿ ಗ್ಯಾಸು ಬಂದರೂ ಕಾನೂನು ಒಂದಕ್ಷರ ಬದಲಾಗಲಿಲ್ಲ.

ನಮ್ಮ ಮನೆಗಳಲ್ಲಿ ಮುದ್ದೆ ಕಟ್ಟಿದ ಕೈಯೇ ಅದನ್ನು ತಟ್ಟೆಗೆ ಇಕ್ಕಬೇಕು. ಸಾರು ಯಾರು ಬಡಿಸಿದರೂ ನಡೆಯುತ್ತದೆ, ಮುದ್ದೆ ಮಾತ್ರ ಕಟ್ಟಿದವಳದೇ ಹಕ್ಕು. ಅಪ್ಪನಂಥ ಅಪ್ಪನೂ, ತಾಲ್ಲೂಕು ಕಚೇರಿಯಲ್ಲಿ ಹತ್ತು ಜನರನ್ನು ಗದರಿಸಿ ಬಂದವನೂ, ತಟ್ಟೆಯ ಮುಂದೆ ಕೂತಾಗ ಅಮ್ಮನ ಕೈ ನೋಡುತ್ತಾ "ಇನ್ನರ್ಧ ಇಕ್ಕು" ಎಂದು ಮೆತ್ತಗೆ ಕೇಳುತ್ತಿದ್ದ. ಮನೆಯಲ್ಲಿ ಹೆಂಗಸಿನ ಮಾತು ನಡೆಯುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುತ್ತಿದ್ದದ್ದೇ ಆ ಗಳಿಗೆಯಲ್ಲಿ. ಮೂವತ್ತೈದರ ಹತ್ತಿರ ಬಂದಿದ್ದರೂ ರತ್ನತ್ತೆ ಯಾರ ತಟ್ಟೆಗೂ ಒಂದು ಮುದ್ದೆ ಇಕ್ಕಿದವಳಲ್ಲ. ಅವಳಿಗೆ ಇದ್ದದ್ದು ಅದೊಂದೇ ಆಸೆ. ಬಾಯಿಬಿಟ್ಟು ಹೇಳಿಕೊಂಡವಳಲ್ಲ, ಆದರೆ ಅಮ್ಮ ಮುದ್ದೆ ಕಟ್ಟುವಾಗ ಹೊಸಲಿನ ಈಚೆ ಅತ್ತೆಯ ಬರಿಗೈಗಳೂ ಹಾಗೇ ತಿರುಗುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕೈಗೆ ಬೀಗ ಹಾಕಿದ ಮೇಲೆ ಅವಳು ಬಾಯಲ್ಲೇ ಅಡುಗೆ ಮಾಡುತ್ತಿದ್ದಳು. ವಾಸನೆ ಹಿಡಿದೇ ಹೇಳುತ್ತಿದ್ದಳು.

"ಅತ್ತಿಗೆ, ಒಗ್ಗರಣೆ ಸೀದೋಯ್ತದೆ, ಇಳಿಸು."

"ಕಾಳಿನ್ನೂ ಬೆಂದಿಲ್ಲ ಕಣತ್ತಿಗೆ, ಉಪ್ಪು ಆಕ್ಬ್ಯಾಡ ಈಗ್ಲೇ."

ಅಮ್ಮನಿಗೆ ಸಿಟ್ಟು ಬರುತ್ತಿತ್ತು. ಒಳಗೆ ಬೆವರು ಸುರಿಸುವವಳು ತಾನು, ತೀರ್ಪು ಕೊಡುವವಳು ಹೊರಗೆ. ಆದರೂ ಇಳಿಸುತ್ತಿದ್ದಳು, ಯಾಕೆಂದರೆ ಅತ್ತೆಯ ಮೂಗು ಸುಳ್ಳಾಡುತ್ತಿರಲಿಲ್ಲ. ಬೆಲ್ಲ ಕಟ್ಟಿಕೊಂಡು ಬಂದ ಪೇಪರನ್ನು ಬಿಡಿಸಿ, ಅಂಟು ಒರೆಸಿ, ಒಂದಕ್ಷರ ಬಿಡದೆ ಓದುತ್ತಿದ್ದವಳು ಮನೆಯಲ್ಲಿ ಅವಳೊಬ್ಬಳೇ. ಓದಿದ್ದನ್ನು ನಂಬುತ್ತಲೂ ಇರಲಿಲ್ಲ. "ನೋಡನ ತಡಿ" ಎಂಬುದು ಅವಳ ಮಾತು. ನಿಂಬೆಸಿಪ್ಪೆಗೆ ಇರುವೆ ಬರಲ್ಲ ಅಂತ ಬರೆದಿದ್ದಾರೆಯೇ, ನೋಡನ ತಡಿ. ಮಾರನೇ ದಿನ ಸಕ್ಕರೆ ಡಬ್ಬದ ಸುತ್ತ ನಿಂಬೆಸಿಪ್ಪೆ ಸಾಲಾಗಿ ಕೂತಿರುತ್ತಿತ್ತು. ಇರುವೆಗಳು ಸಿಪ್ಪೆಯ ಮೇಲೇ ಹತ್ತಿಕೊಂಡು ಒಳಗೆ ಹೋಗುತ್ತಿದ್ದವು.

ನನಗೆ ಹತ್ತು ವರ್ಷ ತುಂಬಿದ ಮಳೆಗಾಲದಲ್ಲಿ ಆ ಪೆಟ್ಟಿಗೆ ಬಂತು. ಚನ್ನರಾಯಪಟ್ಟಣದ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದ ನಾಗರಾಜ ಚಿಕ್ಕಪ್ಪ ಅದನ್ನು ಹಳೇ ಜಮಖಾನದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಮಗು ತಂದ ಹಾಗೆ ತಂದಿದ್ದ. ಬೇಕರಿಗೆ ದೊಡ್ಡದು ಬಂದದ್ದರಿಂದ ಪಫ್ ಬಿಸಿ ಮಾಡುವ ಹಳೆಯದನ್ನು ಯಜಮಾನರು ಇವನಿಗೆ ಕೊಟ್ಟುಬಿಟ್ಟಿದ್ದರು. ಅದರ ಜೊತೆ ಬರಬೇಕಾದ ಪುಸ್ತಕ ಯಾವತ್ತೋ ಕಳೆದುಹೋಗಿತ್ತು. ಚಿಕ್ಕಪ್ಪನಿಗೆ ಗೊತ್ತಿದ್ದದ್ದೇ ಪುಸ್ತಕ.

"ಇದು ಮೈಕ್ರೋವೇವ್ ಒಲೆ ಕಣವ್ವ. ಸ್ಟೀಲು, ಕಬ್ಬಿಣ, ಅಲ್ಯುಮಿನಿ ಒಳೀಕೆ ಇಡಬ್ಯಾಡಿ, ಕಿಡಿ ಆರ್ತದೆ. ಖಾಲಿ ಓಡಿಸಬ್ಯಾಡಿ, ಕೆಟ್ಟೋಯ್ತದೆ. ಬಾಗ್ಲು ತೆಗೆದ್ರೆ ತಾನೇ ನಿಂತ್ಕತದೆ. ಟೈಮು ಮುಗಿದ್ರೂ ತಾನೇ ನಿಂತ್ಕತದೆ. ಬೆಂಕಿ ಗಿಂಕಿ ಏನೂ ಇಲ್ಲ ಇದ್ರಾಗೆ."

ಅಪ್ಪ "ಬೆಂಕಿ ಇಲ್ದೆ ಬೇಯೋದು ಎಂಗ್ಲಾ?" ಎಂದು ನಕ್ಕ. ಅಜ್ಜಿ ಜಮಖಾನವನ್ನು ಮಡಚಿ ಎತ್ತಿಟ್ಟಳು, ಅವಳಿಗೆ ಬೇಕಾದದ್ದು ಅದು. ರತ್ನತ್ತೆ ಮಾತ್ರ ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದು ಬಂದಳು.

"ಬೆಂಕಿ ಇಲ್ವಾ, ನಾಗ? ನಿಜ್ವಾಗ್ಲೂ?"

"ಇಲ್ಲ ಕಣಕ್ಕ."

ಪೆಟ್ಟಿಗೆಗೆ ಬೇಕಾಗಿದ್ದ ದಪ್ಪ ಪ್ಲಗ್ಗಿನ ಜಾಗ ಇಡೀ ಮನೆಯಲ್ಲಿ ಒಂದೇ ಇತ್ತು, ನಡುಮನೆಯ ಕಡಪಾ ಕಲ್ಲಿನ ಮೇಲೆ, ರುಬ್ಬುವ ಗ್ರೈಂಡರಿನ ಪಕ್ಕ. ಎಂದರೆ ಹೊಸಲಿನ ಈಚೆ, ಅತ್ತೆಯ ಸರಹದ್ದಿನಲ್ಲಿ. ಅಜ್ಜಿಯ ಕಾನೂನಿನಲ್ಲಿ ಇದಕ್ಕೆ ಕಲಮು ಇರಲಿಲ್ಲ. ಕಲ್ಲಿನ ಮೇಲೆ ಕೂತ ಪೆಟ್ಟಿಗೆಯನ್ನು ಅತ್ತೆ ಮೂರು ದಿನ ಮುಟ್ಟಲಿಲ್ಲ. ಮುಂದೆ ಕೂತು ನೋಡುತ್ತಿದ್ದಳು, ಹಿಂದೆ ಬಗ್ಗಿ ನೋಡುತ್ತಿದ್ದಳು, ಬೆನ್ನಿನ ತೂತುಗಳ ಹತ್ತಿರ ಅಂಗೈ ಹಿಡಿದು ನೋಡುತ್ತಿದ್ದಳು. ಗಾಳಿ ಆಡಲು ಇರಲಿ ಎಂದು ಗೋಡೆಯಿಂದ ಒಂದು ಗೇಣು ಈಚೆ ಎಳೆದಳು. ಅಮ್ಮ ಚೆಂದಕ್ಕೆಂದು ಹೊದಿಸಿದ್ದ ಕ್ರೋಶಾ ಬಟ್ಟೆಯನ್ನು ತೆಗೆದು ಟಿವಿಯ ಮೇಲೆ ಹಾಕಿದಳು. ನಾಲ್ಕನೇ ದಿನ ಒಂದು ಗಾಜಿನ ಲೋಟದಲ್ಲಿ ಹಾಲು ಇಟ್ಟು, ಗುಂಡಿಯನ್ನು ಒಂದು ನಿಮಿಷಕ್ಕೆ ತಿರುಗಿಸಿ, ನನ್ನ ಕೈ ಹಿಡಿದುಕೊಂಡು ನಿಂತಳು. ಪೆಟ್ಟಿಗೆ ಟಿಣ್ ಎಂದಿತು. ಹಾಲು ಹಬೆಯಾಡುತ್ತಿತ್ತು. ತನ್ನ ಕೈಯಾರೆ ಬಿಸಿ ಮಾಡಿದ್ದನ್ನು ಅವಳು ಹದಿನೆಂಟು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕುಡಿದದ್ದು ಅವತ್ತು, ಅರ್ಧ ಲೋಟ. ಉಳಿದರ್ಧ ನನಗೆ.

ಈಗ ಶುರುವಾದದ್ದು ಪಾತ್ರೆಗಳ ಪ್ರಶ್ನೆ. ಸ್ಟೀಲು ಬೇಡ ಎಂದಿದ್ದ ಚಿಕ್ಕಪ್ಪ, ಸರಿ. ಆದರೆ ನಮ್ಮ ಮನೆಯಲ್ಲಿ ಸ್ಟೀಲು ಬಿಟ್ಟರೆ ಉಳಿದದ್ದೆಲ್ಲ ಕಲಬೆರಕೆ. ಪಿಂಗಾಣಿ ಬಟ್ಟಲು, ಉಪ್ಪಿನಕಾಯಿ ಜಾಡಿ, ಮಣ್ಣಿನ ಕುಡಿಕೆ, ಮುಟ್ಟಿದರೆ ಪ್ಲಾಸ್ಟಿಕ್ಕೋ ಪಿಂಗಾಣಿಯೋ ತಿಳಿಯದ ಹೂವಿನ ತಟ್ಟೆಗಳು, ಜಾತ್ರೆಯಲ್ಲಿ ಕೊಂಡ ದಪ್ಪ ಮಗ್ಗುಗಳು. ಒಂದು ಮಗ್ಗಿನಲ್ಲಿ ಹಾಲಿಟ್ಟಾಗ ಹಾಲು ಉಗುರುಬೆಚ್ಚಗಿತ್ತು, ಮಗ್ಗಿನ ಹಿಡಿ ಮಾತ್ರ ಕೈ ಸುಟ್ಟಿತು. ಅಮ್ಮ ಆಗಿದ್ದರೆ ಮಗ್ಗಿಗೆ ಬೈದು ಸುಮ್ಮನಾಗುತ್ತಿದ್ದಳು. ಅತ್ತೆ ಅದನ್ನು ಕಲ್ಲಿನ ಮೇಲೆ ಇಟ್ಟು ಮಧ್ಯಾಹ್ನವೆಲ್ಲ ನೋಡಿ, ಆಮೇಲೆ ನನ್ನನ್ನು ಕರೆದಳು.

"ಮಂಜಿ, ಶಾಖ ಆಲಿಗೆ ಓಗಬೇಕಿತ್ತು, ಮಗ್ಗಿಗೆ ಓಗ್ಬುಟ್ಟದೆ. ಒಂದೊಂದು ಪಾತ್ರೆ ಶಾಖ ತಾನೇ ಕುಡ್ಕಂಬುಡ್ತದೆ. ಅಂಥದ್ದು ಯಾವ್ಯಾವದು ಅಂತ ನೋಡಬೇಕು ಕಣೆ."

ಪಾತ್ರೆ ಪರೀಕ್ಷಿಸಬೇಕಾದರೆ ಅದು ಖಾಲಿ ಇರಬೇಕು. ಆದರೆ ಪೆಟ್ಟಿಗೆಯನ್ನು ಖಾಲಿ ಓಡಿಸುವಂತಿಲ್ಲ. ಇದಕ್ಕೆ ಅವಳು ಕಂಡುಕೊಂಡ ದಾರಿಯನ್ನು ನೆನೆದರೆ ನನಗೆ ಇವತ್ತಿಗೂ ಹೆಮ್ಮೆ ಉಕ್ಕುತ್ತದೆ. ಖಾಲಿ ಪಾತ್ರೆಯ ಪಕ್ಕದಲ್ಲಿ ಒಂದು ಗಾಜಿನ ಲೋಟ ನೀರು ಇಟ್ಟಳು. ಒಂದು ನಿಮಿಷ ತಿರುಗಿಸಿದಳು. ನೀರು ಬಿಸಿಯಾಗಿ ಪಾತ್ರೆ ತಣ್ಣಗಿದ್ದರೆ ಅದು ಪಾಸು. ಪಾತ್ರೆಯೇ ಬಿಸಿಯಾಗಿದ್ದರೆ ಫೇಲು. ಅಷ್ಟೆ. ನಾನು ಎಷ್ಟೋ ವರ್ಷಗಳ ಮೇಲೆ ಇದೇ ಪರೀಕ್ಷೆಯನ್ನು ಅಚ್ಚಾದ ಅಕ್ಷರದಲ್ಲಿ ಓದಿದಾಗ, ನಮ್ಮತ್ತೆಯನ್ನು ಕೇಳಿ ಬರೆದಿದ್ದಾರೆ ಎಂದು ಮನಸ್ಸಿನಲ್ಲೇ ಜಗಳ ತೆಗೆದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಕಂಬಕ್ಕೆ ಒರಗಿ ಕೂತೇ ಕಾಲ ಕಳೆದವಳು, ಯಾರೂ ಹೇಳಿಕೊಡದೆ ಅಷ್ಟು ಯೋಚಿಸಿದ್ದಳು. ನಾನೀಗ ಅರಕಲಗೂಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಮೊದಲ ಪ್ರಯೋಗಶಾಲೆ ಆ ಕಡಪಾ ಕಲ್ಲು.

ವಾರವೆಲ್ಲ ಪರೀಕ್ಷೆ ನಡೆಯಿತು. ಹೂವಿನ ತಟ್ಟೆಗಳು ಸುಡುಸುಡು ಕಾದು ಫೇಲಾದವು. ಉಪ್ಪಿನಕಾಯಿ ಜಾಡಿ ಫೇಲು. ಮಣ್ಣಿನ ಕುಡಿಕೆ ಒದ್ದೆ ಇದ್ದುದರಿಂದಲೋ ಏನೋ ಚಟ್ ಎಂದು ಬಿರುಕು ಬಿಟ್ಟಿತು. ಬಿಳೀ ಪಿಂಗಾಣಿ ಬಟ್ಟಲುಗಳು ಪಾಸು. ಅಮ್ಮನ ಮದುವೆಗೆ ಬಂದಿದ್ದ ದೊಡ್ಡ ಗಾಜಿನ ಬೋಗುಣಿ, ಬಿಸಿಗೆ ಒಡೆಯುವುದಿಲ್ಲ ಎಂದು ತಳದಲ್ಲಿ ಕೆತ್ತಿಸಿಕೊಂಡಿದ್ದದ್ದು, ಮೊದಲ ದರ್ಜೆಯಲ್ಲಿ ಪಾಸು. ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬವನ್ನು ಸಾರು ಹಾಕಿ ನೋಡಿದಾಗ ಅದರ ತಳ ಮೆತ್ತಗಾಗಿ ಸಾರಿಗೆ ಒಂಥರಾ ವಾಸನೆ ಹತ್ತಿತು. ಅತ್ತೆ ಸಾರನ್ನು ಚೆಲ್ಲಿಸಿದಳು, ಅಂದಿನಿಂದ ಪ್ಲಾಸ್ಟಿಕ್ಕಿಗೆ ಬಾಗಿಲು ಬಂದ್. ಶೋಕೇಸಿನಲ್ಲಿದ್ದ ಚಿನ್ನದ ಗೆರೆಯ ಕಪ್ಪುಗಳನ್ನು ನಾನು ತಂದುಕೊಟ್ಟಾಗ ಅವಳು ಪರೀಕ್ಷೆಗೇ ಕೂರಿಸಲಿಲ್ಲ.

"ಗೆರೆ ಒಳೀತದಲ್ಲ, ಅದು ಲೋಹವೇ ಕಣೆ. ಸ್ಟೀಲಿಗೆ ಒಂದು ನ್ಯಾಯ, ಚಿನ್ನಕ್ಕೆ ಇನ್ನೊಂದಾ? ಎತ್ತಿಡು."

ಸಂಕ್ರಾಂತಿಯಲ್ಲಿ ಎತ್ತಿನ ಕೊಂಬಿಗೆ ಬಳಿದು ಮಿಕ್ಕಿದ್ದ ಬಣ್ಣ ಅಟ್ಟದ ಮೇಲಿತ್ತು. ಅದರಲ್ಲಿ ಅತ್ತೆ ಗೋಡೆಯ ಹಲಗೆಗಳಿಗೆ ಗುರುತು ಹಾಕಿದಳು. ಹಸಿರು ಬಳಿದ ಹಲಗೆಯ ಮೇಲಿನದು ಪೆಟ್ಟಿಗೆಗೆ ಹೋಗಬಹುದು, ಕೆಂಪು ಹಲಗೆಯದು ಹೋಗಕೂಡದು. ಇಷ್ಟಾದರೂ ಮೊದಲು ಎಡವಟ್ಟು ಮಾಡಿದವಳು ನಾನೇ. ಹಸಿರು ಹಲಗೆಯ ಬಟ್ಟಲೇ ತೆಗೆದುಕೊಂಡೆ, ಆದರೆ ಅದರಲ್ಲಿ ಇಟ್ಟದ್ದು ಸಿಪ್ಪೆ ಸಮೇತದ ಕೋಳಿಮೊಟ್ಟೆ. ಡಬ್ ಎಂದ ಸದ್ದಿಗೆ ಪಕ್ಕದ ಮನೆಯವರು ಇಣುಕಿದರು. ಪೆಟ್ಟಿಗೆಯ ಒಳಗೋಡೆ, ಮೇಲುಗೋಡೆ ಎಲ್ಲ ಮೊಟ್ಟೆ. ಏಟು ಬೀಳುತ್ತದೆಂದು ಬೆನ್ನು ಗಟ್ಟಿ ಮಾಡಿಕೊಂಡು ನಿಂತೆ. ಅತ್ತೆ ಪ್ಲಗ್ ಕಿತ್ತು, ಒದ್ದೆ ಬಟ್ಟೆ ತಂದು, ಅರ್ಧ ನನ್ನ ಕೈಗೆ ಕೊಟ್ಟಳು.

"ಎದ್ರಬ್ಯಾಡ. ಬಾಗ್ಲು ಮುಚ್ಚಿತ್ತು, ಅದೇ ಪುಣ್ಯ. ಒಳಗಿನ ಆವಿಗೆ ದಾರಿ ಇಲ್ದೆ ಇದ್ರೆ ಅಂಗೇ ಕಣೆ ಸಿಡಿಯೋದು. ಮೊಟ್ಟೆಯಾಗ್ಲಿ, ಆಲೂಗಡ್ಡೆಯಾಗ್ಲಿ, ಬಿಗಿ ಮುಚ್ಚಳದ ಡಬ್ಬಿಯಾಗ್ಲಿ, ದಾರಿ ಬುಡ್ದೆ ಇಡಬ್ಯಾಡ."

ಹೊಡೆಯದೆ, ಕೂಗದೆ, ಕಾರಣ ಹೇಳಿದ ಮೊದಲ ದೊಡ್ಡವರು ಅವಳು. ಕ್ಲಾಸಿನಲ್ಲಿ ಯಾರಾದರೂ ಗಾಜಿನ ನಳಿಕೆ ಒಡೆದಾಗ ನನ್ನ ಬಾಯಿಗೆ ಮೊದಲು ಬರುವ ಮಾತು ಇವತ್ತಿಗೂ "ಹೆದರಬೇಡ" ಎಂಬುದೇ. ಅದು ಅವಳದು. ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಸೇರಿ ಕಲಿತೆವು. ಬಟ್ಟಲಿಗೆ ಬಾಳೆ ಎಲೆಯ ತುಂಡು ಸಡಿಲವಾಗಿ ಮುಚ್ಚಿದರೆ ಸಾಕು, ತೆಗೆಯುವಾಗ ಆಚೆ ಅಂಚಿನಿಂದ ಎತ್ತಬೇಕು, ಹಬೆ ಮುಖಕ್ಕೆ ಬರುವುದಿಲ್ಲ. ಬರೀ ನೀರನ್ನು ಕಾಯಿಸುವಾಗ ಮರದ ಸೌಟು ಹಾಕಿಡಬೇಕು, ಇಲ್ಲದಿದ್ದರೆ ಕುದಿಯದೆ ಸುಮ್ಮನಿದ್ದ ನೀರು ಮುಟ್ಟಿದ ಕೂಡಲೇ ಮೇಲೇಳುತ್ತದೆ. ಬೆಂದದ್ದನ್ನು ಕಲಕಿ, ಎರಡು ನಿಮಿಷ ಬಿಟ್ಟು ಬಡಿಸಬೇಕು, ನಡು ತಣ್ಣಗಿದ್ದರೂ ಅಂಚು ಸುಡುತ್ತಿರುತ್ತದೆ, ಒಮ್ಮೊಮ್ಮೆ ತಿರುಗುಮುರುಗು.

ಮುದ್ದೆ ಒಲಿಯಲು ತಿಂಗಳು ಹಿಡಿಯಿತು. ಮೊದಲನೆಯದು ಹಸಿ ಹಿಟ್ಟು, ಎರಡನೆಯದು ಗೋಡೆಗೆ ಎಸೆದರೆ ಗೋಡೆ ಬಿರಿಯುವಂಥದು. ಅವನ್ನು ಅತ್ತೆ ತಾನೇ ತಿಂದಳು, ಎಸೆಯಲು ಬಿಡಲಿಲ್ಲ. ಆಮೇಲೆ ಹದ ಸಿಕ್ಕಿತು. ಗಾಜಿನ ಬೋಗುಣಿಯಲ್ಲಿ ನೀರಿಗೆ ಒಂದು ಚಮಚ ಹಿಟ್ಟು ಕದಡಿ ಕುದಿಸುವುದು, ಹೊರಗೆ ತೆಗೆದು ಮಿಕ್ಕ ಹಿಟ್ಟು ಸುರಿದು ಕೋಲಿನಲ್ಲಿ ತಿರುವುವುದು, ಮತ್ತೆ ಎರಡು ನಿಮಿಷ ಒಳಗಿಡುವುದು, ಮತ್ತೆ ತಿರುವುವುದು. ಒಂದು ಭಾನುವಾರ ಅವಳು ಒದ್ದೆ ಕೈಯಲ್ಲಿ ಮುದ್ದೆ ಕಟ್ಟಿ ಅಪ್ಪನ ತಟ್ಟೆಯಲ್ಲಿ ಇಕ್ಕಿದಳು. ಅಪ್ಪ ಮುರಿದ, ಸಾರಿನಲ್ಲಿ ಅದ್ದಿದ, ನುಂಗಿದ. ಅತ್ತೆ ಒದ್ದೆ ಕೈ ಒರೆಸಿಕೊಳ್ಳದೆ ನಿಂತಿದ್ದಳು.

"ಇನ್ನರ್ಧ ಇಕ್ಕವ್ವ" ಎಂದ ಅಪ್ಪ.

ಅತ್ತೆ ಇನ್ನರ್ಧ ಇಕ್ಕಿ, ಹಿತ್ತಿಲಿಗೆ ಹೋಗಿ ಬಂದಳು. ಕಣ್ಣು ಕೆಂಪಾಗಿತ್ತು. ಆದರೆ ಅಜ್ಜಿ ಆ ಮುದ್ದೆ ಮುಟ್ಟಲಿಲ್ಲ. ಬೆಂಕಿ ಕಾಣದ್ದು ಹೊಟ್ಟೆಗೆ ಆಗುವುದಿಲ್ಲ ಎಂದು ಅಮ್ಮನ ಕೈಯಲ್ಲಿ ತನಗೊಂದು ಬೇರೆ ಮಾಡಿಸಿಕೊಂಡಳು. ಅತ್ತೆ ಪೆಟ್ಟಿಗೆಯ ಮುಂದೆ ನಿಂತಿದ್ದಷ್ಟು ಹೊತ್ತೂ ಅಜ್ಜಿ ನಡುಮನೆಯಲ್ಲೇ ಇರುತ್ತಿದ್ದಳು, ಜಪಸರ ಹಿಡಿದು, ಕಣ್ಣು ಮಗಳ ಮೇಲೆ. ಅಜ್ಜಿಯದು ಹಟ ಎಂದು ಆಗ ನನಗೆ ಸಿಟ್ಟು. ಅದು ಹೆದರಿಕೆ ಎಂದು ತಿಳಿಯುವಷ್ಟು ಬುದ್ಧಿ ಇರಲಿಲ್ಲ.

ಆಯುಧಪೂಜೆ ಬಂತು. ಗ್ರೈಂಡರು, ಹೊಲಿಗೆ ಮೆಷಿನ್ನು, ಅಪ್ಪನ ಸ್ಕೂಟರು, ಎಲ್ಲಕ್ಕೂ ವಿಭೂತಿ ಕುಂಕುಮ ಬಿದ್ದಾಗ ಪೆಟ್ಟಿಗೆಗೂ ಬಿತ್ತು. ಚಿಕ್ಕಪ್ಪ ಸಂಸಾರ ಸಮೇತ ಬಂದಿದ್ದ, ಹಳೇಕೋಟೆಯಿಂದ ಅಮ್ಮನ ಕಡೆಯವರೂ ಬಂದಿದ್ದರು. ಮಾರನೇ ಬೆಳಿಗ್ಗೆ ನೆಂಟರಿಗೆಲ್ಲ ಹಾಲು ಬಿಸಿ ಮಾಡಿಕೊಡುತ್ತೇನೆಂದು ಅತ್ತೆ ಮುಂದಾದಳು. ಪೆಟ್ಟಿಗೆಯ ಮೇಲಿನ, ಬೆನ್ನಿನ ಹೂವನ್ನೆಲ್ಲ ತೆಗೆದು, ಒರೆಸಿ, ಬಿಳೀ ಬಟ್ಟಲಿಟ್ಟು ತಿರುಗಿಸಿದಳು. ಎಣಿಸಿ ಐದು ಆಗಿರಲಿಲ್ಲ, ಒಳಗೆ ಚಟಚಟ ಎಂದು ನೀಲಿ ಕಿಡಿ ಹಾರಿತು. ಸುಟ್ಟ ವಾಸನೆ. ಯಾರೋ ಚೀರಿದರು. ಅತ್ತೆ ಬಾಗಿಲು ತೆರೆಯದೆ ಮೊದಲು ಗುಂಡಿ ತಿರುಗಿಸಿ ನಿಲ್ಲಿಸಿದಳು, ಪ್ಲಗ್ ಕಿತ್ತಳು, ಆಮೇಲೆ ಹಿಂದೆ ಸರಿದಳು. ಆ ಗಲಾಟೆಯಲ್ಲಿ ಸರಿಯಾದ ಕ್ರಮದಲ್ಲಿ ಕೆಲಸ ಮಾಡಿದವಳು ಅವಳೊಬ್ಬಳೇ. ಅಜ್ಜಿಯ ಮುಖ ಮಾತ್ರ ಬಿಳಚಿಕೊಂಡಿತ್ತು.

"ಬೆಂಕಿ ಇಲ್ಲ ಬೆಂಕಿ ಇಲ್ಲ ಅಂದ್ರಲ್ಲ, ಇದೇನ್ಲಾ ನಾಗ? ನನ್ನ ಮಗಳ್ನ ಇನ್ನೊಂದ್ಸಲ ಸುಡಬೇಕು ಅಂತ ತಂದ್ಯಾ? ಅಟ್ಟಕ್ಕೆ ಆಕಿ ಅದ್ನ. ರತ್ನಿ, ನೀನು ಕಂಬದ ತಾವ ಓಗಿ ಕೂತ್ಕೊ."

ನೆಂಟರ ಮುಂದೆ, ಮಕ್ಕಳ ಮುಂದೆ, ಆ ಮಾತು. ಪೆಟ್ಟಿಗೆ ತಣ್ಣಗಾದ ಮೇಲೆ ಅತ್ತೆ ಅದನ್ನು ಒರೆಸಲೆಂದು ಗಾಜಿನ ತಟ್ಟೆ ಎತ್ತಿದಳು. ಪಕ್ಕದಲ್ಲಿ ನಾನಿದ್ದೆ. ತಟ್ಟೆಯ ಕೆಳಗೆ ಸೀದು ಕರಿಕಾದ ವೀಳ್ಯದೆಲೆ, ಒಂದು ಬಟ್ಟಲಡಿಕೆ, ಅಂಚು ಕಪ್ಪಾದ ಒಂದು ರೂಪಾಯಿಯ ನಾಣ್ಯ. ಹೊಸ ಬೀರು ಬಂದರೂ ಹೊಸ ಟ್ರಂಕು ಬಂದರೂ ಅದು ಬರಿದಾಗಿರಬಾರದೆಂದು ಎಲೆ ಅಡಿಕೆ ನಾಣ್ಯ ಇಡುವುದು ನಮ್ಮ ಮನೆಯ ಪದ್ಧತಿ, ಆ ಕೆಲಸ ಅಜ್ಜಿಯದು. ಪೂಜೆಯ ದಿನ ಈ ಪೆಟ್ಟಿಗೆಗೂ ಇಟ್ಟಿದ್ದಳು. ಒಳ್ಳೆಯದಾಗಲಿ ಎಂದೇ ಇಟ್ಟಿದ್ದಳು.

ನಾನು "ಅಜ್ಜೀ" ಎಂದು ಬಾಯಿ ತೆರೆದೆ. ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ನಾಣ್ಯವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ನೆಂಟರೆಲ್ಲ ಉಂಡು, ಎಲೆಅಡಿಕೆ ಹಾಕಿಕೊಂಡು, ಪೆಟ್ಟಿಗೆಯನ್ನೂ ಅತ್ತೆಯ ಹಣೆಬರಹವನ್ನೂ ಒಟ್ಟಿಗೆ ಸೇರಿಸಿ ಮಾತಾಡಿ, ಮಧ್ಯಾಹ್ನದ ಬಸ್ಸಿಗೆ ಹೋಗುವವರೆಗೆ ಅವಳು ಕಂಬದ ಬುಡದಲ್ಲಿ ಬೆಳ್ಳುಳ್ಳಿ ಸುಲಿದಳು. ಒಂದು ಮಾತು ಆಡಿದ್ದರೆ ಅಲ್ಲೇ ಗೆಲ್ಲುತ್ತಿದ್ದಳು. ನಾನಾಗಿದ್ದರೆ ಊರಿಗೆಲ್ಲ ಸಾರಿರುತ್ತಿದ್ದೆ, ಈಗಲೂ ಸಾರುತ್ತೇನೆ, ನನ್ನ ಗುಣವೇ ಹಾಗೆ. ಎಲ್ಲರೂ ಹೋದ ಮೇಲೆ ಅವಳು ಅಜ್ಜಿಯ ಪಕ್ಕ ಹೋಗಿ ಕೂತು ಸೆರಗು ಬಿಚ್ಚಿದಳು.

"ಅವ್ವ, ಇದು ನೀನಿಟ್ಟಿದ್ದಲ್ವಾ? ಲೋಹ ಒಳಗಿದ್ರೆ ಕಿಡಿ ಆರ್ತದೆ. ಪೆಟ್ಟಿಗೆದೇನೂ ತಪ್ಪಿಲ್ಲ. ನಿಂದೂ ತಪ್ಪಿಲ್ಲ, ನಿಂಗೊತ್ತಿರ್ಲಿಲ್ಲ."

ಅಜ್ಜಿ ನಾಣ್ಯವನ್ನು ಅಂಗೈಯಲ್ಲಿ ಇಟ್ಟುಕೊಂಡು ಅದರ ಕಪ್ಪು ಅಂಚನ್ನು ಹೆಬ್ಬೆರಳಿನಲ್ಲಿ ಉಜ್ಜಿದಳು. ಆಮೇಲೆ ಆಡಿದ ಮಾತು ಪೆಟ್ಟಿಗೆಯ ಬಗ್ಗೆ ಅಲ್ಲ.

"ಅವತ್ತೂ ನಾನೇ ಕಣವ್ವ ನಿನ್ನ ಒಲೆ ಮುಂದೆ ಕೂರಿಸಿ ಓಗಿದ್ದು."

"ಅದೂ ನಿಂಗೊತ್ತಿರ್ಲಿಲ್ಲ ಬುಡವ್ವ" ಎಂದಳು ಅತ್ತೆ.

ಪೆಟ್ಟಿಗೆ ಅಟ್ಟ ಹತ್ತಲಿಲ್ಲ. ಹಾಗೆಂದು ಅಜ್ಜಿ ಒಪ್ಪಿದಳು ಎಂದೂ ಅಲ್ಲ. ಬೇಡ ಎನ್ನುವುದನ್ನು ನಿಲ್ಲಿಸಿದಳು, ಅಷ್ಟೆ. ಮುದ್ದೆಯನ್ನಂತೂ ಮುಟ್ಟಲಿಲ್ಲ. ಕಾವಲು ಹಾಗೇ ಮುಂದುವರಿಯಿತು. "ಅದ್ರ ಮುಂದೆ ಬಿದ್ರೆ?" ಎಂದು ಅಮ್ಮನನ್ನು ದಿನಕ್ಕೊಂದು ಸಲ ಕೇಳುತ್ತಿದ್ದಳು. ಅತ್ತೆ ಪರೀಕ್ಷೆ ಮಾಡಿ ನೋಡದೆ ಉಳಿಸಿದ್ದದ್ದು ಅದೊಂದನ್ನೇ.

ಅವರೆಕಾಯಿಯ ಕಾಲ ಶುರುವಾಗಿದ್ದ ಒಂದು ಶನಿವಾರ ನಾನು ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದಿದ್ದೆ. ಅಮ್ಮ ಸಂತೆಗೆ ಹೋಗಿದ್ದಳು, ಅಪ್ಪ ಕಚೇರಿಯಲ್ಲಿ. ಹಿದುಕಿದ ಬೇಳೆಯ ಸಾರು ಬೆಳಿಗ್ಗೆಯೇ ಆಗಿತ್ತು. ಅತ್ತೆ ಹಿಟ್ಟು ತಿರುವಿ, ಎರಡನೇ ಸಲ ಬೋಗುಣಿಯನ್ನು ಒಳಗಿಟ್ಟು, ಬಾಳೆ ಎಲೆ ಮುಚ್ಚಿ, ಗುಂಡಿ ತಿರುಗಿಸಿದಳು. ಪೆಟ್ಟಿಗೆ ಗುಂಯ್ ಎನ್ನಲು ಶುರುವಾಯಿತು. ಅವಳು ನನ್ನತ್ತ ತಿರುಗಿ ಏನೋ ಹೇಳಲು ಹೋದಳು, ಮಾತು ಅರ್ಧಕ್ಕೆ ನಿಂತಿತು. ಕಣ್ಣು ಎಲ್ಲೋ ನೆಟ್ಟಿತು. ಹಾಗೇ ಪಕ್ಕಕ್ಕೆ, ಅವರೆಸಿಪ್ಪೆಯ ರಾಶಿಯ ಮೇಲೆ ಬಿದ್ದಳು.

ಅಜ್ಜಿ ಆ ವಯಸ್ಸಿನಲ್ಲಿ ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ. ಮಗಳನ್ನು ಹಿಡಿದು ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ತನ್ನ ಸೆರಗು ತುರುಕಿ, ನನಗೆ ಮೊರ ಸರಿಸಲು ಹೇಳಿದಳು. ಆಮೇಲೆ ತಲೆ ಎತ್ತಿ ಪೆಟ್ಟಿಗೆಯ ಕಡೆ ನೋಡಿದಳು. ಅದು ಇನ್ನೂ ಓಡುತ್ತಿತ್ತು. ಅಜ್ಜಿಯ ಕಣ್ಣಿನಲ್ಲಿ ಇದ್ದದ್ದು ಕಡಪಾ ಕಲ್ಲಲ್ಲ, ಹಳೇ ಸೌದೆ ಒಲೆ ಎಂದು ನನಗೆ ಈಗ ತಿಳಿಯುತ್ತದೆ. ನಾನು ಎದ್ದು ನಿಲ್ಲಿಸಲು ಹೋಗುವಷ್ಟರಲ್ಲಿ ಟಿಣ್ ಎಂದಿತು. ಒಳಗಿನ ದೀಪ ಆರಿತು. ತಟ್ಟೆ ತಿರುಗುವುದನ್ನು ನಿಲ್ಲಿಸಿತು. ಯಾರೂ ಮುಟ್ಟಿರಲಿಲ್ಲ. ಅಜ್ಜಿ ಅದನ್ನೇ ನೋಡುತ್ತಾ ಕೂತಳು, ಮಗಳ ಮೈಯ ಅದುರು ನಿಲ್ಲುವವರೆಗೂ, ಆಮೇಲೂ. ಅತ್ತೆಗೆ ಎಲ್ಲೂ ಗಾಯವಾಗಿರಲಿಲ್ಲ. ಕೂದಲಿನಲ್ಲಿ ನಾಲ್ಕು ಅವರೆಸಿಪ್ಪೆ ಸಿಕ್ಕಿಕೊಂಡಿದ್ದವು, ಅಜ್ಜಿ ಒಂದೊಂದಾಗಿ ತೆಗೆದಳು.

ಅತ್ತೆ ಒಂದು ಗಂಟೆ ಮಲಗಿ ಎದ್ದಳು. ಎದ್ದವಳು ಸುತ್ತ ನೋಡಿ, ಏನಾಯಿತೆಂದು ಅರ್ಥ ಮಾಡಿಕೊಂಡು, ಮುಖ ಮುಚ್ಚಿಕೊಂಡಳು. ಅವಳು ಯೋಚಿಸುತ್ತಿದ್ದದ್ದು ಏನೆಂದು ನನಗೆ ಗೊತ್ತಿತ್ತು. ಎಲ್ಲ ಮುಗಿಯಿತು, ಇನ್ನು ಕಂಬವೇ ಗತಿ. ಅಳುತ್ತಲೇ ಕೇಳಿದಳು.

"ಮುದ್ದೆ ಏನಾಯ್ತವ್ವ?"

"ಏನಾಯ್ತದೆ? ಅದರ ಪಾಡಿಗೆ ಅದು ನಿಂತ್ಕಂತು. ತಣ್ಣಗಾಗ್ಬುಟ್ಟದೆ." ಅಜ್ಜಿ ಮಗಳ ಸುರುಟಿದ ಕೈ ಹಿಡಿದು ಎಬ್ಬಿಸಿದಳು. "ಏಳು. ಒಂದ್ಗಳಿಗೆ ಬಿಸಿ ಮಾಡಿ ಕಟ್ಟು. ಅಸಿವಾಯ್ತದೆ ನಂಗೆ."

ಅತ್ತೆ ನಿಧಾನಕ್ಕೆ ಎದ್ದಳು. ಬೋಗುಣಿಗೆ ಸ್ವಲ್ಪ ನೀರು ಚಿಮುಕಿಸಿ, ಒಳಗಿಟ್ಟು, ಮತ್ತೆ ತಿರುವಿದಳು. ಅಜ್ಜಿ ಈ ಸಲ ಕಾವಲು ನಿಲ್ಲಲಿಲ್ಲ, ತಟ್ಟೆ ಹಾಕಿಕೊಂಡು ಕೂತಿದ್ದಳು, ಬೆನ್ನು ಪೆಟ್ಟಿಗೆಯ ಕಡೆಗೆ. ಅತ್ತೆ ಮುದ್ದೆ ಕಟ್ಟಿ, ಬಗ್ಗಿ, ತಟ್ಟೆಯಲ್ಲಿ ಇಕ್ಕಿದಳು. ನಾನು ಸಾರು ಬಡಿಸಿದೆ. ಅಜ್ಜಿ ಒಂದು ತುತ್ತು ಮುರಿದು ನುಂಗಿದಳು, ಇನ್ನೊಂದು, ಮತ್ತೊಂದು. ಇಡೀ ಮುದ್ದೆ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಅತ್ತೆ ನಿಂತೇ ಇದ್ದಳು. ಕೊನೆಗೆ ಅಜ್ಜಿ ಬೆರಳು ನೆಕ್ಕಿಕೊಂಡು, ಯಾವತ್ತೂ ಅಮ್ಮನಿಗೆ ಹೇಳುತ್ತಿದ್ದ ಅದೇ ಗಡಸು ದನಿಯಲ್ಲಿ ಹೇಳಿದಳು.

"ಒಂಚೂರು ಮೆತ್ತಗಾಯ್ತು. ನಾಳೀಕೆ ನೀರು ಕಮ್ಮಿ ಇಕ್ಕು."